ಸನ್ನೆ ಭಾಷೆಗೆ ‘ಮಾನ್ಯತೆ’: ಈ ಪದ ಸರಿಯಾ? ಬೇರೆ ಇದೆಯಾ?

ಎಲ್ಲರಿಗೂ ನಮಸ್ಕಾರ.

ಒಂದೇ ಪದದ ಹತ್ತಿರ ಮೂರು ದಿನದಿಂದ ನಿಂತುಬಿಟ್ಟಿದ್ದೇನೆ. ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ. ಅದಕ್ಕಾಗಿ ಕನ್ನಡದಲ್ಲಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಯಾವ ಯಾವ ದೇಶದ ಸರ್ಕಾರ ಅಲ್ಲಿನ ಕಿವುಡರ ಭಾಷೆಯ ಬಗ್ಗೆ ಏನು ಕಾನೂನು ಮಾಡಿದೆ ಅನ್ನುವುದು ವಿಷಯ. ಇಂಗ್ಲಿಷಿನವರು ‘ರೆಕಗ್ನಿಷನ್’ ಅನ್ನುವ ಕಡೆಯಲ್ಲೆಲ್ಲ ನಾನು ‘ಮಾನ್ಯತೆ’ ಅಂತ ಹಾಕಿದ್ದೆ. ಪತ್ರಿಕೆಗಳಲ್ಲೂ ಹಾಗೇ ಬರೆಯುತ್ತಾರೆ, ಅಲ್ವಾ?

ಕರಡನ್ನು ಒಬ್ಬ ಕಿವುಡ ಗೆಳತಿಗೆ ತೋರಿಸಿದೆ. ಮೊದಲ ಸಾಲಿನಲ್ಲೇ ಅವರ ಬೆರಳು ನಿಂತಿತು. ‘ಮಾನ್ಯತೆ’ಯ ಸುತ್ತ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದರು: ‘ಹಾಗಾದ್ರೆ ಇಷ್ಟು ದಿನ ಅಮಾನ್ಯ ಆಗಿತ್ತಾ?’

ಅಲ್ಲಿಂದ ನನಗೆ ಆ ಪದ ಚುಚ್ಚುತ್ತಿದೆ. ಶಾಲೆಗೆ ಮಾನ್ಯತೆ ಸಿಗುತ್ತದೆ, ಆಮೇಲೆ ರದ್ದೂ ಆಗುತ್ತದೆ. ಕೊಡುವವರು ಮೇಲೆ, ಕೈ ಚಾಚುವವರು ಕೆಳಗೆ. ಆದರೆ ಭಾಷೆಯನ್ನು ಸರ್ಕಾರ ಕೊಟ್ಟಿದ್ದಲ್ಲ. ನಿಕರಾಗುವಾದಲ್ಲಿ 1970ರ ದಶಕದ ಕೊನೆಯಲ್ಲಿ ಕಿವುಡ ಮಕ್ಕಳ ಶಾಲೆ ತೆರೆದಾಗ ಮೇಷ್ಟ್ರುಗಳು ಹೇಳಿಕೊಡುತ್ತಿದ್ದದ್ದು ಸ್ಪ್ಯಾನಿಷ್ ಮತ್ತು ತುಟಿ ನೋಡಿ ತಿಳಿಯುವುದು. ಅದು ಮಕ್ಕಳಿಗೆ ಹತ್ತಲಿಲ್ಲ. ಆಟದ ಬಯಲಿನಲ್ಲಿ, ಶಾಲೆ ಬಸ್ಸಿನಲ್ಲಿ ಅವರವರೇ ಸನ್ನೆಗಳನ್ನು ಹಂಚಿಕೊಂಡು, ಕೆಲವೇ ವರ್ಷಗಳಲ್ಲಿ ಸ್ವಂತ ವ್ಯಾಕರಣ ಇರುವ ಒಂದು ಹೊಸ ಭಾಷೆಯನ್ನೇ ಕಟ್ಟಿಬಿಟ್ಟರು. ಅದಕ್ಕೆ ಯಾರ ಮಾನ್ಯತೆ ಬೇಕಿತ್ತು?

ಬೇರೆ ಪದಗಳನ್ನು ನೋಡಿದೆ. ‘ಮನ್ನಣೆ’ ಚೆನ್ನಾಗಿದೆ, ಆದರೆ ಸನ್ಮಾನದ ವಾಸನೆ ಬರುತ್ತದೆ, ಕಾನೂನು ಕಾಣುವುದಿಲ್ಲ. ‘ಗುರುತಿಸುವಿಕೆ’ ಸಪ್ಪೆ. ‘ಒಪ್ಪಿಕೊಳ್ಳು’ ಅನ್ನುವ ಕ್ರಿಯಾಪದ ಮಾತ್ರ ನನಗೆ ತುಂಬಾ ಹಿಡಿಸಿತು. ನಾವು ಒಪ್ಪಿಕೊಳ್ಳುವುದು ಮೊದಲೇ ಇದ್ದದ್ದನ್ನು. ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಇಲ್ಲಿ ತಪ್ಪೂ ನಡೆದಿದೆ: 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಣದ ಸಮ್ಮೇಳನ ಬಾಯಿಮಾತಿನ ಪಾಠವೇ ಮೇಲು ಎಂದು ನಿರ್ಣಯ ಮಾಡಿತು, ಅದಾದ ಮೇಲೆ ಎಷ್ಟೋ ದೇಶಗಳ ತರಗತಿಗಳಿಂದ ಸನ್ನೆ ಭಾಷೆಯನ್ನು ಹೊರಗೆ ಹಾಕಿದರು. ಅದಕ್ಕೆ ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಇದೇ ಸರಣಿಯ ಸಮ್ಮೇಳನದಲ್ಲಿ. 130 ವರ್ಷ ಆದಮೇಲೆ!

ಹಾಗಾಗಿ ‘1981ರಲ್ಲಿ ಸ್ವೀಡನ್ ತನ್ನ ಕಿವುಡರ ಭಾಷೆಯನ್ನು ಒಪ್ಪಿಕೊಂಡಿತು’ ಅಂತ ಬರೆದರೆ ಸರಿಯಾಗಿ ಕೂರುತ್ತದೆ. ಆದರೆ ನಾಮಪದ ಮಾಡಲು ಹೋದರೆ ಕೆಟ್ಟಿತು. ‘ಒಪ್ಪಿಗೆ’ ಅಂದರೆ ಅನುಮತಿ! ಮತ್ತೆ ಅದೇ ಕೈ ಚಾಚುವ ಕಥೆ. ‘ಒಪ್ಪಿಕೊಳ್ಳುವಿಕೆ’ಯನ್ನು ತಲೆಬರಹದಲ್ಲಿ ಹಾಕಿದರೆ ಓದುವವರಿಗೆ ಉಸಿರು ಕಟ್ಟುತ್ತದೆ.

ಇನ್ನೊಂದು ಗೊಂದಲ. ‘ಮಾನ್ಯತೆ ಪಡೆದ ಭಾಷೆ’, ‘ಅಧಿಕೃತ ಭಾಷೆ’ ಎರಡನ್ನೂ ಒಂದೇ ಅನ್ನುವಂತೆ ಸುಮ್ನೆ ಬಳಸುತ್ತೇವೆ. ಒಂದೇ ಅಲ್ಲ. ನ್ಯೂಜಿಲೆಂಡ್ 2006ರ ಕಾಯ್ದೆಯಲ್ಲಿ ಅಲ್ಲಿನ ಸನ್ನೆ ಭಾಷೆಯನ್ನು ಅಧಿಕೃತ ಭಾಷೆ ಮಾಡಿತು, ನ್ಯಾಯಾಲಯದಲ್ಲಿ ಅದನ್ನು ಬಳಸುವ ಹಕ್ಕೂ ಬಂತು. ದಕ್ಷಿಣ ಆಫ್ರಿಕಾ 2023ರಲ್ಲಿ ಸಂವಿಧಾನವನ್ನೇ ತಿದ್ದಿ ತನ್ನ ಸನ್ನೆ ಭಾಷೆಯನ್ನು 12ನೆಯ ಅಧಿಕೃತ ಭಾಷೆಯಾಗಿ ಸೇರಿಸಿತು. ಬ್ರಿಟನ್ನಿನ 2022ರ ಕಾಯ್ದೆ ಬೇರೆ ಥರ. ಬ್ರಿಟಿಷ್ ಸನ್ನೆ ಭಾಷೆ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನ ಒಂದು ಭಾಷೆ ಎಂದು ಅದು ಹೇಳುತ್ತದೆ. ‘ಅಧಿಕೃತ’ ಅನ್ನುವ ಮಾತು ಅಲ್ಲಿಲ್ಲ. ಕನ್ನಡದಲ್ಲಿ ಈ ಎರಡೂ ಕಲಸಿಹೋದರೆ, ಕಿವುಡರಿಗೆ ಏನು ಸಿಕ್ಕಿತು, ಏನು ಇನ್ನೂ ಸಿಕ್ಕಿಲ್ಲ ಅನ್ನುವುದೇ ಗೊತ್ತಾಗುವುದಿಲ್ಲ.

‘ರಾಷ್ಟ್ರೀಯ ಸನ್ನೆ ಭಾಷೆ’ ಅನ್ನುವುದನ್ನೂ ಬಿಟ್ಟೆ. ಅದು ದೇಶಕ್ಕೆ ಒಂದೇ ಭಾಷೆ ಅನ್ನುವ ಭಾವನೆ ಕೊಡುತ್ತದೆ. ಬೆಲ್ಜಿಯಂನಲ್ಲಿ ಫ್ರೆಂಚ್ ಭಾಷಿಕರ ಕಡೆ ಒಂದು, ಫ್ಲೆಮಿಷ್ ಕಡೆ ಇನ್ನೊಂದು. ಒಂದನ್ನು 2003ರಲ್ಲಿ, ಮತ್ತೊಂದನ್ನು 2006ರಲ್ಲಿ ಆಯಾ ಕಡೆಯ ಶಾಸನಸಭೆ ಒಪ್ಪಿಕೊಂಡಿತು. ‘ಆಯಾ ದೇಶದ ಸನ್ನೆ ಭಾಷೆಗಳು’ ಅಂತ ಬಹುವಚನದಲ್ಲಿ ಬರೆದಿದ್ದೇನೆ.

ಇನ್ನು ‘ಸನ್ನೆ’. ಕೆಲವರು ‘ಸಂಜ್ಞಾ ಭಾಷೆ’ ಅನ್ನುತ್ತಾರೆ. ಸನ್ನೆ ಬಂದದ್ದು ಸಂಜ್ಞೆಯಿಂದಲೇ, ಬಾಯಿಗೆ ಹಗುರ, ಅದೇ ಇರಲಿ ಅನ್ನುವುದು ನನ್ನ ಪಕ್ಷ. ತೊಂದರೆ ಇರುವುದು ಕ್ರಿಯಾಪದದಲ್ಲಿ. ಕಿವುಡ ಹೆಂಗಸೊಬ್ಬರು ಮಂತ್ರಿಗೆ ಪ್ರಶ್ನೆ ಕೇಳುವ ಒಂದು ಸಾಲು ಇದೆ. ‘ಮಂತ್ರಿಗೆ ಸನ್ನೆ ಮಾಡಿದರು’ ಅಂತ ಬರೆದು ಓದಿಕೊಂಡೆ. ಹತ್ತಿರ ಕರೆದ ಹಾಗಾಯಿತು, ಪ್ರಶ್ನೆಯೇ ಮಾಯ. ‘ಸನ್ನೆ ಭಾಷೆಯಲ್ಲಿ ಕೇಳಿದರು’ ಎಂದು ತಿದ್ದಿದೆ. ಸರಿ ಆಯಿತು, ಆದರೆ ಪ್ರತಿ ಸಲ ಇಷ್ಟುದ್ದ ಬರೆಯಬೇಕಾ? ‘ಸನ್ನೆನುಡಿ’ ಅಂತ ಒಂದೇ ಪದ ಮಾಡಿ, ‘ಸನ್ನೆನುಡಿದರು’ ಅಂದರೆ ಕಿವಿಗೆ ಹೊಡೆಯುತ್ತದಾ?

ಕಿವುಡರು ಅನ್ನುವ ಪದದ ಬಗ್ಗೆ ಕೇಳುವವರು ಇರುತ್ತಾರೆ, ಮೊದಲೇ ಹೇಳುತ್ತೇನೆ. ನನ್ನ ಗೆಳತಿ ತಮ್ಮನ್ನು ಕಿವುಡಿ ಅಂತಲೇ ಹೇಳಿಕೊಳ್ಳುತ್ತಾರೆ. ‘ಶ್ರವಣದೋಷವುಳ್ಳವರು’ ಅಂದರೆ ‘ದೋಷ’ ಎಲ್ಲಿ ಅಂತ ಕೇಳುತ್ತಾರೆ. ‘ಕಿವುಡ-ಮೂಗರು’ ಅನ್ನುವ ಜೋಡಿ ಪದವಂತೂ ಪೂರ್ತಿ ಸುಳ್ಳು, ಭಾಷೆ ಇರುವವರು ಮೂಗರು ಹೇಗಾಗುತ್ತಾರೆ? ಇಂಗ್ಲಿಷಿನಲ್ಲಿ ಸಮುದಾಯವಾಗಿ ಬದುಕುವ ಕಿವುಡರನ್ನು ಹೇಳುವಾಗ ದೊಡ್ಡ ‘ಡಿ’ ಅಕ್ಷರ ಹಾಕುತ್ತಾರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ‘ಕಿವುಡ ಸಮುದಾಯ’ ಸಾಕೇನೋ.

ಕೊನೆಯದು ‘ಅಡ್ವೊಕೆಸಿ’. ‘ಕಿವುಡರ ಪರ ದನಿ ಎತ್ತುವುದು’ ಅಂತ ಬರೆದು ಕೂಡಲೇ ಹೊಡೆದುಹಾಕಿದೆ. ‘ವಕಾಲತ್ತು’ ಅಂದರೂ ಅವರ ಬದಲು ಇನ್ಯಾರೋ ಮಾತಾಡಿದಂತೆ. 1988ರಲ್ಲಿ ವಾಷಿಂಗ್ಟನ್ನಿನಲ್ಲಿ ಕಿವುಡರಿಗಾಗಿಯೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾಲಯದಲ್ಲಿ ಕಿವುಡ ಅಧ್ಯಕ್ಷರೇ ಬೇಕು ಎಂದು ಗೇಟು ಮುಚ್ಚಿ ಕೂತವರು ಕಿವುಡ ವಿದ್ಯಾರ್ಥಿಗಳೇ. ಒಂದು ವಾರದಲ್ಲಿ ಗೆದ್ದರು. ಅದಕ್ಕೆ ‘ಹಕ್ಕೊತ್ತಾಯ’ ಸರಿಯಾದ ಪದ ಅನಿಸಿ ಅದನ್ನೇ ಉಳಿಸಿಕೊಂಡಿದ್ದೇನೆ.

ಬಲ್ಲವರು ಎರಡು ವಿಷಯ ಹೇಳಿ. ‘ಒಪ್ಪಿಕೊಳ್ಳು’ವಿಗೆ, ಅನುಮತಿಯ ಅರ್ಥ ಬಾರದ ಒಂದು ಚಿಕ್ಕ ನಾಮಪದ ಕನ್ನಡದಲ್ಲಿ ಇದೆಯಾ, ನಿಮ್ಮ ಕಡೆಯ ಆಡುಮಾತಿನದ್ದಾದರೂ ಸರಿ? ‘ಸನ್ನೆನುಡಿ’ ನಿಲ್ಲುತ್ತದಾ? ಕಿವುಡರ ಜೊತೆ ದಿನಾ ಒಡನಾಡುವವರು ಇದ್ದರೆ ಅವರನ್ನೇ ಕೇಳಿ ತಿಳಿಸಿ. ಬರುವ ಸೋಮವಾರ ಕರಡು ಅಚ್ಚಿಗೆ ಹೋಗುತ್ತದೆ.