1945ರ ಜನವರಿಯಲ್ಲಿ ಕಾಣೆಯಾದ ಸಿ-46 ವಿಮಾನ: ತಪ್ಪು ಹವಾಮಾನದ್ದೋ, ಅಪ್ಪಣೆಯದ್ದೋ?

ಟಿಳಕವಾಡಿ ಓದುಗ:
ಎರಡನೇ ಮಹಾಯುದ್ಧದ ಕೊನೆಯ ವರ್ಷ, 1945ರ ಜನವರಿ ಮೊದಲ ವಾರದಲ್ಲಿ, ಚೀನಾದ ಕುನ್ಮಿಂಗ್‌ನಿಂದ 13 ಜನರನ್ನು ಹೊತ್ತು ಹೊರಟ ಅಮೆರಿಕದ ಸಿ-46 ಸಾಗಣೆ ವಿಮಾನವೊಂದು ಬಿರುಗಾಳಿಗೆ ಸಿಕ್ಕು ಕಾಣೆಯಾಯಿತು. ಅದರ ಅವಶೇಷ ಅರುಣಾಚಲದ ಹಿಮದಲ್ಲಿ ಸಿಕ್ಕಿದ್ದು 2021ರ ಡಿಸೆಂಬರಿನಲ್ಲಿ. ಬಾಲದ ಮೇಲಿನ ಸಂಖ್ಯೆಯಿಂದ ವಿಮಾನದ ಗುರುತು ಹತ್ತಿತು, ಮನುಷ್ಯರ ಕುರುಹು ಮಾತ್ರ ಸಿಗಲಿಲ್ಲ. ಹೋದ ಜುಲೈನಲ್ಲಿ ನಾನು ಬರುತ್ತಿದ್ದ ವಿಮಾನ ಬೆಳಗಾವಿಯ ಸಾಂಬ್ರಾ ನಿಲ್ದಾಣದ ಮೇಲೆ ಮೂರು ಸುತ್ತು ಹೊಡೆದರೂ ಮಳೆಮೋಡದಲ್ಲಿ ರನ್‌ವೇ ಕಾಣದೆ ಹುಬ್ಬಳ್ಳಿಗೆ ಹೋಗಿ ಇಳಿಯಿತು. ಅಂದಿನ ಪೈಲಟ್‌ಗಳಿಗೆ ಹಾಗೆ ಬೇರೆಡೆ ಇಳಿಯುವ, ಇಲ್ಲವೇ ಹೊರಡದೆ ಉಳಿಯುವ ಅವಕಾಶ ಇರಲಿಲ್ಲವೇ?

ನಿವೃತ್ತ ವಾಯುಸೈನಿಕ, ಸಾಂಬ್ರಾ:
ತೀರಾ ಕಡಿಮೆಯಿತ್ತು. 1942ರಲ್ಲಿ ಜಪಾನೀಯರು ಬರ್ಮಾ ರಸ್ತೆಯನ್ನು ಮುಚ್ಚಿಸಿದ ಮೇಲೆ ಚೀನಾಕ್ಕೆ ಪೆಟ್ರೋಲು, ಮದ್ದುಗುಂಡು ಎಲ್ಲವೂ ಅಸ್ಸಾಮಿನ ಚಬುವಾ, ದಿಂಜಾನ್ ಮುಂತಾದ ನೆಲೆಗಳಿಂದ, ‘ಹಂಪ್’ ಎಂದು ಕರೆಯುತ್ತಿದ್ದ ಪರ್ವತಮಾರ್ಗದ ಮೇಲೆ ಹಾರಿಯೇ ಹೋಗಬೇಕಿತ್ತು. 1943ರ ಕೊನೆಯ ಹೊತ್ತಿಗೆ ಈ ಸಾಗಣೆಯ ಹೊಣೆ ಹೊತ್ತ ಅಮೆರಿಕದ ಸೇನಾಧಿಕಾರಿ ಥಾಮಸ್ ಹಾರ್ಡಿನ್, ಹವಾಮಾನದ ಕಾರಣ ಹೇಳಿ ಹಾರಾಟ ನಿಲ್ಲಿಸಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಸಾಮಾನು ಹೆಚ್ಚು ತಲುಪಿತು, ಸಾವೂ ಹೆಚ್ಚಿತು.

ಇನ್ನು ಮೋಡದೊಳಗಿನ ಸಂಗತಿ. ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದರೂ ಹೆಪ್ಪುಗಟ್ಟದೆ ಉಳಿದ ನೀರಹನಿಗಳು ರೆಕ್ಕೆಯ ಮುಂದಂಚಿಗೆ ಬಡಿದೊಡನೆ ಮಂಜುಗಡ್ಡೆಯಾಗುತ್ತವೆ. ಆಗ ಭಾರ ಹೆಚ್ಚುವುದಕ್ಕಿಂತ ದೊಡ್ಡ ಅಪಾಯವೆಂದರೆ ರೆಕ್ಕೆಯ ಆಕಾರವೇ ಕೆಟ್ಟು, ವಿಮಾನವನ್ನು ಎತ್ತಿಹಿಡಿಯುವ ಬಲ ಕುಂದುವುದು.

ಜಮಖಂಡಿಯ ಮೇಷ್ಟ್ರು:
ಸಾಹೇಬರೇ, ಮಂಜುಗಡ್ಡೆಯ ಮಾತು ಒಪ್ಪಿದೆ, ಆದರೆ ಅಪ್ಪಣೆಯ ಮೇಲೆಯೇ ಎಲ್ಲವನ್ನೂ ಹೊರಿಸಲು ಮನಸ್ಸು ಒಪ್ಪದು. ಹಾರ್ಡಿನ್ ಹೋಗಿ, ಸುರಕ್ಷತೆಗೆ ಒತ್ತು ಕೊಟ್ಟು ಅಪಘಾತದ ಪ್ರಮಾಣ ತಗ್ಗಿಸಿದ ವಿಲಿಯಂ ಟನ್ನರ್ ಬಂದದ್ದು 1944ರ ಸೆಪ್ಟೆಂಬರಿನಲ್ಲಿ. ಈ ವಿಮಾನ ಬಿದ್ದದ್ದು ಅವರ ಕಾಲದಲ್ಲಿ. ಮಕ್ಕಳಿಗೆ ನಾನು ಈ ಲೆಕ್ಕ ಹಾಕಿ ತೋರಿಸುತ್ತೇನೆ: ಕುನ್ಮಿಂಗ್‌ನಿಂದ ಅಸ್ಸಾಮಿಗೆ ಬರುವಾಗ ಪಶ್ಚಿಮದ ಗಾಳಿ ಎದುರಾಗುತ್ತದೆ. ವಿಮಾನದ ವೇಗ ಗಂಟೆಗೆ 275 ಕಿ.ಮೀ., ಎದುರುಗಾಳಿ 160 ಕಿ.ಮೀ. ಎಂದಿಟ್ಟುಕೊಂಡರೆ ನೆಲದ ಮೇಲೆ ಸಾಗುವುದು 115 ಮಾತ್ರ. ಗಡಿಯಾರ ನೋಡಿ ಎರಡು ತಾಸಿಗೆ 550 ಕಿ.ಮೀ. ಬಂದೆವೆಂದು ನಂಬಿದವರು ನಿಜಕ್ಕೂ 230ರಲ್ಲಿರುತ್ತಾರೆ. ಬಯಲು ಬಂತೆಂದು ಕೆಳಗಿಳಿದರೆ ಅಲ್ಲಿರುವುದು ಗುಡ್ಡ.

ಟಿಳಕವಾಡಿ ಓದುಗ:
ಇಬ್ಬರಿಗೂ ವಂದನೆಗಳು. ಮೇಷ್ಟ್ರ ಲೆಕ್ಕ ನೋಡಿದ ಮೇಲೆ, ಪೈಲಟ್ ಎಚ್ಚರ ತಪ್ಪದೆಯೂ ದಾರಿ ತಪ್ಪಬಹುದೆಂದು ತಿಳಿಯಿತು. ಒಂದನ್ನು ಬರೆಯಲು ಮರೆತಿದ್ದೆ. ಆ ವಿಮಾನವನ್ನು ಹುಡುಕಲು ದಾರಿ ತೋರಿದವರು ಅಲ್ಲಿಯ ಲಿಸು ಜನಾಂಗದವರು. ಹಿಂದಿನ ಒಂದು ಯತ್ನದಲ್ಲಿ, ಸೆಪ್ಟೆಂಬರ್ ತಿಂಗಳ ಹಿಮಗಾಳಿಗೆ ಸಿಕ್ಕು, ಅವರಲ್ಲಿ ಮೂವರು ಚಳಿಗೆ ಸೆಟೆದು ಸತ್ತರು.