ಶೇಂಗಾ ಗದ್ದೆಗೆ ಹುಲ್ಲು, ಅಡಿಕೆ ಸಿಪ್ಪೆ ನೇರವಾಗಿ ಹಾಕಬಹುದಾ?

ಗದ್ದೆಬದು (ಶಿಕಾರಿಪುರ):
ಭತ್ತ ಕೊಯ್ದ ಒಂದು ಎಕರೆಗೆ ಜನವರಿಯಲ್ಲಿ ಶೇಂಗಾ ಬಿತ್ತನೆ, ಇನ್ನು ಐದು ವಾರ ಇದೆ. ಮಳೆಗೆ ನೆಂದು ದನ ಮೂಸದ ಹುಲ್ಲು ಒಂದು ಟನ್, ಅಡಿಕೆ ಸಿಪ್ಪೆ ಒಂದು ಟ್ರ್ಯಾಕ್ಟರ್, ಬೇಲಿ ತುಂಬ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಇದೆ. ಹುಲ್ಲು, ಸಿಪ್ಪೆ ಹರಡಿ ರೋಟವೇಟರ್ ಹೊಡೆಸಿದರೆ ಸಾಕಾ? ಒಲೆ ಬೂದಿಯೂ ನಾಲ್ಕು ಚೀಲ ಇದೆ.

ಮಣ್ಣುವಾಸನೆ:
ದಯವಿಟ್ಟು ಹಾಗೆ ಮಾಡಬೇಡಿ. ಭತ್ತದ ಹುಲ್ಲಿನಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ಸುಮಾರು 80 ಪಾಲು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಕೊರತೆಯ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಶೇಂಗಾ ಬೇರಲ್ಲಿ ಗಾಳಿಯ ಸಾರಜನಕ ಹಿಡಿದುಕೊಡುವ ಗಂಟು ಕೂತು ಕೆಲಸ ಶುರುವಾಗಲು ಮೂರ್ನಾಲ್ಕು ವಾರ ಬೇಕು. ಅಷ್ಟರಲ್ಲಿ ಸಸಿ ಹಳದಿಯಾಗಿ ಕುಳ್ಳಗೇ ಉಳಿಯುತ್ತದೆ.

ಹುಲ್ಲನ್ನು ಗುಡ್ಡೆ ಹಾಕಿ. ತೂಕದಲ್ಲಿ ಒಣ ಹುಲ್ಲು ಒಂದು ಪಾಲಿಗೆ ಹಸಿ ಗೊಬ್ಬರದ ಗಿಡ ಎರಡು ಪಾಲು. ಹುಲ್ಲು ಅರ್ಧ ಅಡಿ, ಮೇಲೆ ಸೊಪ್ಪು, ಅದರ ಮೇಲೆ ಸಗಣಿ ಬಗ್ಗಡ. ಹೀಗೇ ಪದರ ಪದರವಾಗಿ ಐದಡಿ ಅಗಲ, ನಾಲ್ಕಡಿ ಎತ್ತರ. ಹಿಡಿ ತುಂಬ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು. ನೀರು ಸುರಿದರೆ ಹೆಚ್ಚಾಯಿತು, ಗಾಳಿಯಾಡದೆ ನಾರುತ್ತದೆ. 15 ದಿನಕ್ಕೊಮ್ಮೆ ಮಗುಚಿ. ಎರಡೂವರೆ, ಮೂರು ತಿಂಗಳು ಹಿಡಿಯುವುದರಿಂದ ಇದು ಮುಂದಿನ ಬೆಳೆಗೆ. ಈ ಬೆಳೆಗೆ ಹಳೇ ಕೊಟ್ಟಿಗೆ ಗೊಬ್ಬರ 3 ಟನ್ ಕೊಡಿ. ಉಳಿದ ಗೊಬ್ಬರದ ಗಿಡದ ಎಲೆ, ಎಳೇ ತುದಿ ಮಾತ್ರ ಕತ್ತರಿಸಿ, ಬಿತ್ತನೆಗೆ ಮೂರು ವಾರ ಮೊದಲು, ಗದ್ದೆಯಲ್ಲಿ ತೇವ ಇರುವಾಗಲೇ ಉಳುಮೆ ಮಾಡಿ ಮುಚ್ಚಿ.

ಬೆಟ್ಟದಸೊಪ್ಪು:
ಸಿಪ್ಪೆ ತೋಟಕ್ಕೇ ಹೋಗಲಿ, ಅಡಿಕೆ ಬುಡಕ್ಕೆ ಮುಚ್ಚಿಗೆಯಾಗಿ. ಅದರ ನಾರು ಬಹಳ ಗಟ್ಟಿ, ಹುಲ್ಲಿನಷ್ಟು ಬೇಗ ಕೊಳೆಯುವುದಿಲ್ಲ. ಇನ್ನೊಂದು ಅಪಾಯ: ಅರೆಕೊಳೆತ ಕಸ ಮೇಲ್ಮಣ್ಣಲ್ಲಿ ಉಳಿದರೆ ಬುಡಕೊಳೆ ರೋಗದ ಶಿಲೀಂಧ್ರ ಅದನ್ನೇ ತಿಂದು ಬೆಳೆದು ಗಿಡಕ್ಕೆ ಹತ್ತುತ್ತದೆ. ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಆಮೇಲೆ ಸಾಸಿವೆಯಂಥ ಕಂದು ಕಾಳು ಕಂಡರೆ ಅದೇ. ಗೆದ್ದಲೂ ಬರುತ್ತದೆ.

ಕೆಂಪುಮಣ್ಣು:
ಬೂದಿಯನ್ನು ಶೇಂಗಾ ಸಾಲಿಗೆ ಹಾಕಬೇಡಿ. ಅದರಲ್ಲಿ ಪೊಟ್ಯಾಷ್ ಜಾಸ್ತಿ. ಶೇಂಗಾ ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರುತ್ತದೆ. ಅಲ್ಲಿ ಪೊಟ್ಯಾಷ್ ಹೆಚ್ಚಾದರೆ ಅದಕ್ಕೆ ಅಡ್ಡಿ, ಕಾಯಿ ಜೊಳ್ಳು. ಎಷ್ಟೇ ಒಳ್ಳೆ ಕಾಂಪೋಸ್ಟ್ ಹಾಕಿದರೂ ಈ ಸುಣ್ಣದಂಶ ಕೊಡುವ ಜಿಪ್ಸಂ ಬಿಡಬಾರದು: ಎಕರೆಗೆ 200 ಕಿಲೋ, ಹೂವಾಗಿ ಸೂಜಿ (ತುದಿಯಲ್ಲಿ ಕಾಯಿ ಕಟ್ಟುವ ಎಳೆ) ಮಣ್ಣಿಗಿಳಿಯುವ ಹೊತ್ತಿಗೆ, ಬುಡಕ್ಕೆ ಹಾಕಿ ಮಣ್ಣೇರಿಸಿ. ಅದರ ಗಂಧಕದಿಂದ ಎಣ್ಣೆ ಅಂಶವೂ ಏರುತ್ತದೆ. ಆದರೆ ಜಿಪ್ಸಂ ನಮ್ಮ ಮಲೆನಾಡ ಮಣ್ಣಿನ ಹುಳಿ ತೆಗೆಯುವುದಿಲ್ಲ, ಅದಕ್ಕೆ ಕೃಷಿ ಸುಣ್ಣವೇ ಬೇಕು. ಮಣ್ಣು ಪರೀಕ್ಷೆ ಮಾಡಿಸಿ ಪ್ರಮಾಣ ಕೇಳಿ.

ಗದ್ದೆಬದು:
ಗುಡ್ಡೆಗೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಮೊದಲೇ ಬೆರೆಸಲಾ?

ಮಣ್ಣುವಾಸನೆ:
ಬೇಡ, ಗುಡ್ಡೆಯೊಳಗೆ 60 ಡಿಗ್ರಿವರೆಗೂ ಕಾವೇರುತ್ತದೆ, ಸತ್ತುಹೋಗುತ್ತದೆ. ಕೈ ತೂರಿಸಿದರೆ ಬಿಸಿ ತಾಗದಂತಾದ ಮೇಲೆ ಕ್ವಿಂಟಲ್ ಗೊಬ್ಬರಕ್ಕೆ 1 ಕಿಲೋ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ 10-15 ದಿನ ಬಿಡಿ. ಈ ಸಲ ಕೊಡುವ ಕೊಟ್ಟಿಗೆ ಗೊಬ್ಬರದಲ್ಲೇ ಎರಡು ಕ್ವಿಂಟಲ್ ತೆಗೆದು ಹಾಗೆ ಮಾಡಿ, ಬಿತ್ತುವಾಗ ಸಾಲಿಗೆ ಬೀಳಲಿ.