ಒಂಬತ್ತು ವರ್ಷ ರ‍್ಯಾಂಕ್ ಪಟ್ಟಿಗೆ ಕಾದೆ, ಇನ್ನು ಕಾಯುವುದಿಲ್ಲ ಎಂದರೆ ತಪ್ಪೇ?

ಪೆರ್ಲದ ಕಡೆಯವಳು

ಹೆಸರು ಬೇಡ. ಕೇರಳದ ಕಾಸರಗೋಡಿನ ಪೆರ್ಲದ ಹತ್ತಿರ ಮನೆ, ವಯಸ್ಸು ಮೂವತ್ತಮೂರು. ಕನ್ನಡ ಮಾಧ್ಯಮದಲ್ಲಿ ಓದಿದವಳು, ಅಧ್ಯಾಪಕ ತರಬೇತಿ ಮುಗಿಸಿದವಳು. ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಸರಕಾರಿ ಹುದ್ದೆಗಾಗಿ ಪರೀಕ್ಷೆ ಬರೆಯುತ್ತ ಒಂಬತ್ತು ವರ್ಷ ಕಳೆಯಿತು. ಒಮ್ಮೆ ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬಂದಿತ್ತು. ನೇಮಕಾತಿ ನನಗಿಂತ ಐದು ಹೆಸರು ಮೇಲೆ ಬಂದು ನಿಂತಿತು, ಪಟ್ಟಿಯ ಅವಧಿ ಮುಗಿಯಿತು. ನಡುವೆ ಎರಡು ಶಾಲೆಗಳಲ್ಲಿ ದಿನವೇತನದ ಮೇಲೆ ಪಾಠ ಮಾಡಿದೆ. ಪ್ರತಿ ಮಾರ್ಚ್‌ನಲ್ಲಿ ಮಕ್ಕಳ ಜೊತೆ ನನಗೂ ರಜೆ, ಜೂನ್‌ನಲ್ಲಿ ಕರೆಯುತ್ತಾರೋ ಇಲ್ಲವೋ ಎಂಬ ಲೆಕ್ಕಾಚಾರ.

ಕಳೆದ ವಾರ ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಬಿಡುವ ದಿನ. ಅಪ್ಪನಿಗೆ ಮೊಣಗಂಟು ನೋವು, ಬಗ್ಗಲು ಆಗುವುದಿಲ್ಲ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಐವತ್ತು ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು ಐವತ್ತು ಲೀಟರಿಗೆ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಹೊಯ್ಯುತ್ತ ಕೋಲಿನಿಂದ ತಿರುವುತ್ತಿದ್ದೆ. ಅಪ್ಪ ಪೀಶಕತ್ತಿ ಕೊಟ್ಟರು. ಅದ್ದಿ ತೆಗೆದರೆ ಅಲಗಿನ ಮೇಲೆ ತಾಮ್ರದ ಕೆಂಪು. ‘ಸುಣ್ಣ ಸಾಲದು’ ಎಂದರು. ಎರಡು ಚೆಂಬು ಸುಣ್ಣದ ನೀರು ಸೇರಿಸಿ, ಕತ್ತಿಯನ್ನು ತಿಕ್ಕಿ ಮತ್ತೆ ಅದ್ದಿದಾಗ ಬೆಳ್ಳಗೇ ಬಂತು. ಅಂದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಮ್ಮೆಯೂ ಪಟ್ಟಿಯ ನೆನಪು ಬಂದಿರಲಿಲ್ಲ ಎಂಬುದು ರಾತ್ರಿ ಮಲಗಿದಾಗ ಹೊಳೆಯಿತು.

ಒಂದೂವರೆ ಎಕರೆ ತೋಟವನ್ನು ನಾನೇ ನೋಡಿಕೊಳ್ಳಬೇಕು ಎನ್ನಿಸುತ್ತಿದೆ. ಸಂಜೆ ನಮ್ಮ ಜಗಲಿಗೆ ಹನ್ನೊಂದು ಮಕ್ಕಳು ಬರುತ್ತಾರೆ. ಎಲ್ಲರೂ ಇಂಗ್ಲಿಷ್ ಮಾಧ್ಯಮದವರು. ಮನೆಯಲ್ಲಿ ತುಳು, ಬೀದಿಯಲ್ಲಿ ಮಲಯಾಳ, ಕನ್ನಡ ಅಕ್ಷರ ಕಂಡರೆ ತಬ್ಬಿಬ್ಬು. ಅವರಿಗೆ ಓದು ಕಲಿಸುತ್ತೇನೆ, ಅದನ್ನು ಬಿಡುವುದಿಲ್ಲ. ಅಮ್ಮ ಕೇಳುವುದು ಒಂದೇ ಮಾತು: ‘ಆದೇಶ ಬಂದುಬಿಟ್ಟರೆ?’ ಬೆಂಗಳೂರಿನಲ್ಲಿರುವ ಅಣ್ಣ ‘ನಿನ್ನ ಜೀವನ, ನಿನ್ನ ಜವಾಬ್ದಾರಿ’ ಎಂದು ಫೋನ್ ಇಟ್ಟ. ನಾನು ಮಾಡಹೊರಟಿರುವುದು ಜವಾಬ್ದಾರಿಯೋ ಪಲಾಯನವೋ, ನೀವೇ ಹೇಳಿ.

ಹಾಳೆಮುಟ್ಟಾಳೆ

ತಂಗಿ, ಅರ್ಧ ದಿನ ಮದ್ದು ಕಲಸಿದ ಖುಷಿಯಲ್ಲಿ ಬರೆದಿದ್ದೀರಿ. ನಾನು ಇಪ್ಪತ್ತೆರಡು ವರ್ಷದಿಂದ ಕಲಸುತ್ತಿದ್ದೇನೆ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಆ ಎರಡನೆಯ ಸಲಕ್ಕೆ ಮಳೆ ಬಿಡುವು ಕೊಡುವುದಿಲ್ಲ, ಬಿಡುವು ಕೊಟ್ಟ ದಿನ ಕಾಲಿಗೆ ತಳೆ ಹಾಕಿ ಮರ ಏರುವ ಆಳು ಸಿಗುವುದಿಲ್ಲ. ಎರಡೂ ಸಿಕ್ಕಿದ ದಿನ ಪಂಪು ಕೆಟ್ಟಿರುತ್ತದೆ. ಆಮೇಲೆ ಬೆಳಿಗ್ಗೆ ತೋಟಕ್ಕೆ ಇಳಿದರೆ ಬುಡದಲ್ಲಿ ಕೊಳೆತ ನಳ್ಳಿ (ಎಳೆ ಅಡಿಕೆ) ಹಾಸಿಗೆ ಹಾಸಿದ ಹಾಗೆ. ಈಗ ಅದರ ಮೇಲೆ ಎಲೆಚುಕ್ಕಿ ರೋಗ ಬೇರೆ. ಒಂದೂವರೆ ಎಕರೆಯಲ್ಲಿ ಮನೆ ನಡೆಯಬೇಕಾದರೆ ಧಾರಣೆ, ಮಳೆ, ಆರೋಗ್ಯ ಮೂರೂ ಒಟ್ಟಿಗೆ ಕೈಹಿಡಿಯಬೇಕು.

ಇನ್ನೊಂದು ಮಾತು, ಬೇಸರವಾದರೂ ಹೇಳುತ್ತೇನೆ. ಒಂಬತ್ತು ವರ್ಷ ಕಾಯಿರಿ ಎಂದು ನಿಮ್ಮನ್ನು ಯಾರೂ ಕಟ್ಟಿಹಾಕಿರಲಿಲ್ಲ.

ಚಂದ್ರಗಿರಿ ತಡಿ

ಕಟ್ಟಿಹಾಕಿರಲಿಲ್ಲವೇ? 1956ರ ನವೆಂಬರ್ 1ರಂದು ನಮ್ಮನ್ನು ಕೇಳದೆ ಗೆರೆ ಎಳೆದದ್ದು ಯಾರು? ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ರಾತ್ರಿ ಬೆಳಗಾಗುವುದರೊಳಗೆ ಕೇರಳವಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗವೇ ಹೇಳಿತು, ವರದಿ ಕಪಾಟು ಸೇರಿತು. ಕನ್ನಡ ಮಾಧ್ಯಮದ ಮಕ್ಕಳ ಮುಂದೆ ಕನ್ನಡ ಬಾರದ ಅಧ್ಯಾಪಕರನ್ನು ತಂದು ನಿಲ್ಲಿಸಿದಾಗ ಇಲ್ಲಿ ಮಕ್ಕಳೂ ಹೆತ್ತವರೂ ಬೀದಿಗೆ ಇಳಿದದ್ದು ಎಲ್ಲರಿಗೂ ಗೊತ್ತು. ಇಷ್ಟೆಲ್ಲ ಆದ ಮೇಲೆ ಕೆಲಸ ಸಿಗದ ಹೆಣ್ಣುಮಗಳಿಗೆ ‘ನಿನ್ನ ಜವಾಬ್ದಾರಿ’ ಎನ್ನುವುದು ಗಾಯದ ಮೇಲೆ ಉಪ್ಪು. ವ್ಯವಸ್ಥೆಯ ತಪ್ಪನ್ನು ವ್ಯಕ್ತಿಯ ತಲೆಗೆ ಕಟ್ಟಬೇಡಿ. ತಂಗಿ, ನೀವು ಹುದ್ದೆ ಬಿಟ್ಟರೆ ಆ ಕುರ್ಚಿ ನಮ್ಮ ಭಾಷೆಗೆ ಶಾಶ್ವತವಾಗಿ ಹೋಗುತ್ತದೆ. ಹಕ್ಕನ್ನು ಬಿಟ್ಟುಕೊಡಬಾರದು.

ಹಾಳೆಮುಟ್ಟಾಳೆ

ಹಕ್ಕು ಸರಿ. ಆದರೆ ಆ ಕುರ್ಚಿ ಕಾಯುವ ಕೆಲಸಕ್ಕೆ ಈ ಹುಡುಗಿಯ ಮೂವತ್ತಮೂರನೆಯ ವರ್ಷವನ್ನೇ ಯಾಕೆ ಕೇಳುತ್ತೀರಿ? ನಿಮ್ಮದು ಎಲ್ಲಿದೆ?

ಚಂದ್ರಗಿರಿ ತಡಿ

ನನ್ನದು ಆಗಲೇ ಮುಗಿದಿದೆ. ಮೂರು ಸಲ ಉಪವಾಸ ಕುಳಿತಿದ್ದೇನೆ. ಲೆಕ್ಕ ಬೇಕಾದರೆ ಕೊಡುತ್ತೇನೆ.

ನಿವೃತ್ತ ಅಧ್ಯಾಪಕ, ಬದಿಯಡ್ಕ

ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ನಮ್ಮ ಊರಿನ ಕವಿ ಕಯ್ಯಾರ ಕಿಞ್ಞಣ್ಣ ರೈಗಳನ್ನು ಒಮ್ಮೆ ನೆನಪಿಸಿಕೊಳ್ಳಿ. 1915ರಲ್ಲಿ ಹುಟ್ಟಿ ನೂರು ವರ್ಷ ತುಂಬಿಸಿ ಹೋದವರು. ಕಾಸರಗೋಡಿನ ವಿಲೀನಕ್ಕಾಗಿ ಅವರಷ್ಟು ಕೂಗಿದವರು ಕಡಿಮೆ. ಆ ಬೇಡಿಕೆ ಅವರ ಕಣ್ಣೆದುರಿಗೆ ಈಡೇರಲಿಲ್ಲ. ಅದು ಈಡೇರುವವರೆಗೆ ಅವರೇನು ಜಗಲಿಯಲ್ಲಿ ಕುಳಿತಿದ್ದರೇ? ಪೆರಡಾಲದ ಶಾಲೆಯಲ್ಲಿ ಪಾಠ ಹೇಳಿದರು, ಮಣ್ಣು ಅಗೆದರು, ಬೆಳೆ ತೆಗೆದರು, ಕವಿತೆ ಬರೆದರು. ಕೇರಳದ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಹೋರಾಟ ಸಣ್ಣದಾಗಲಿಲ್ಲ, ಹೋರಾಟದ ನೆಪದಲ್ಲಿ ತೋಟವೂ ಒಣಗಲಿಲ್ಲ. ಚಂದ್ರಗಿರಿ ತಡಿಯವರೇ, ಗೆರೆ ಎಳೆದದ್ದು ಅನ್ಯಾಯ ಎಂದು ನಾನೂ ನಂಬಿದವನು. ಆದರೆ ಆ ಅನ್ಯಾಯದ ಬಗ್ಗೆ ಹೇಳುತ್ತ ಹೇಳುತ್ತ ನನ್ನ ಎಷ್ಟೋ ವಿದ್ಯಾರ್ಥಿಗಳು ಮೂವತ್ತು ದಾಟಿದರು, ನಲವತ್ತು ದಾಟಿದರು. ‘ಏನು ಮಾಡುತ್ತಿದ್ದೀಯಪ್ಪ?’ ಎಂದರೆ ‘ನಾವು ಗಡಿನಾಡಿನವರಲ್ಲವೇ ಮಾಷ್ಟ್ರೇ’ ಎನ್ನುತ್ತಾರೆ. ಅದು ನಾನು ಕೇಳಿದ್ದಕ್ಕೆ ಉತ್ತರ ಅಲ್ಲ.

ಆ ಮಗು ಜಗಲಿಯಲ್ಲಿ ಹನ್ನೊಂದು ಮಕ್ಕಳಿಗೆ ಕಲಿಸುತ್ತಿದ್ದಾಳೆ ಎಂಬುದನ್ನು ಇಲ್ಲಿ ಯಾರೂ ಗಮನಿಸಿದಂತಿಲ್ಲ. ಅಧ್ಯಾಪಿಕೆಯಾಗಲು ಕಾಯುತ್ತಿದ್ದೇನೆ ಎನ್ನುತ್ತಾಳಲ್ಲ!

ಮಂಜೇಶ್ವರದ ಗುಮಾಸ್ತೆ

ನನ್ನದೊಂದು ಅಡ್ಡ ಮಾತು. ನಾನೂ ಕನ್ನಡ ಮಾಧ್ಯಮದವಳೇ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮಲಯಾಳ ಅಕ್ಷರ ಕಲಿಯಲು ಕುಳಿತೆ. ಪಕ್ಕದ ಮನೆಯ ಎರಡನೆಯ ತರಗತಿಯ ಹುಡುಗ ನನಗೆ ಗುರು. ‘ಳ’ ಬರೆದರೆ ‘ೞ’ ಎನ್ನುತ್ತ ನಗುತ್ತಿದ್ದ. ಈಗ ಸರಕಾರಿ ಗುಮಾಸ್ತೆ. ಕನ್ನಡದಲ್ಲಿ ಅರ್ಜಿ ಹಿಡಿದು ಬರುವ ಅಜ್ಜಿಯರು ನೇರ ನನ್ನ ಮೇಜಿಗೇ ಬರುತ್ತಾರೆ. ಕೆಲವರು ನನ್ನನ್ನು ದ್ರೋಹಿ ಎಂದರು. ಅಜ್ಜಿಯರು ಹಾಗೆ ಹೇಳಲಿಲ್ಲ.

ಅಕ್ಕ, ನೀವು ಈ ಒಂಬತ್ತು ವರ್ಷದಲ್ಲಿ ಬೇರೆ ಹುದ್ದೆಗೆ ಪ್ರಯತ್ನಿಸಿದ್ದೀರಾ? ಪಾಠ ಹೇಳುವ ಆಸೆಯೋ, ಸಂಬಳದ ಭದ್ರತೆಯೋ, ಮದುವೆಯ ಮಾತು ಬಂದಾಗ ಹೇಳಿಕೊಳ್ಳಲು ಒಂದು ಹೆಸರೋ? ಬೇಕಿರುವುದು ಯಾವುದು ಎಂದು ಗೊತ್ತಾದರೆ ದಾರಿ ಅಷ್ಟು ಕಷ್ಟ ಇರುವುದಿಲ್ಲ. ನನಗೆ ಸಂಬಳ ಬೇಕಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಸುರಂಗದವರ ಮೊಮ್ಮಗ

ನಮ್ಮ ಅಜ್ಜ ಸುರಂಗ ತೋಡುತ್ತಿದ್ದರು. ಹೊರಗಿನವರಿಗಾಗಿ ಹೇಳುತ್ತೇನೆ: ಇಲ್ಲಿ ನೀರಿಗೆ ಕೆಳಕ್ಕೆ ಬಾವಿ ತೋಡುವುದಷ್ಟೇ ಅಲ್ಲ, ಗುಡ್ಡದ ಬದಿಯಿಂದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಒಳಗೆ ಅಡ್ಡಕ್ಕೆ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ ಕೊರೆಯುತ್ತಾರೆ. ಅಳತೆ ಕೋಲಿನಲ್ಲಿ, ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಒಳಗೆ ದೀಪ ಹಚ್ಚಿಟ್ಟುಕೊಂಡೇ ಅಗೆಯಬೇಕು. ಬೆಳಕಿಗೆ ಮಾತ್ರವಲ್ಲ, ದೀಪ ಕುಂದಿತು ಎಂದರೆ ಉಸಿರಾಡುವ ಗಾಳಿ ಸಾಲದು ಎಂದು ಅರ್ಥ, ಕೂಡಲೇ ಹೊರಗೆ ಬರಬೇಕು.

ಒಂದು ಮನೆಯಲ್ಲಿ ಅಜ್ಜ ಮೂವತ್ತು ಕೋಲು ತೋಡಿದರೂ ಹನಿ ನೀರಿಲ್ಲ. ಯಜಮಾನರು ‘ಇಷ್ಟು ತೋಡಿದ ಮೇಲೆ ಬಿಡುವುದು ಹೇಗೆ, ಇನ್ನೂ ಹತ್ತು ನೋಡಿ’ ಎಂದು ಹಟ ಹಿಡಿದರು. ಅಜ್ಜ ಒಪ್ಪಲಿಲ್ಲ. ಹದಿನೆಂಟನೆಯ ಕೋಲಿನ ಹತ್ತಿರ ಎಡಗೋಡೆಯಲ್ಲಿ ಮಣ್ಣು ತುಸು ತಂಪು ಎಂದು ಅವರ ಅಂಗೈಗೆ ಮೊದಲೇ ಅನ್ನಿಸಿತ್ತಂತೆ. ಹಿಂದಕ್ಕೆ ಬಂದು ಅಲ್ಲಿಂದ ಕವಲು ತೆಗೆದರು, ಏಳು ಕೋಲಿಗೆ ನೀರು ಬಂತು. ಮುಂದಿನ ಹನ್ನೆರಡು ಕೋಲು ಈಗಲೂ ಒಣಗಿಯೇ ಇದೆ, ಬಾವಲಿಗಳು ಸಂಸಾರ ಹೂಡಿವೆ. ಅಜ್ಜ ಈ ಕಥೆ ಹೇಳುವಾಗಲೆಲ್ಲ ಆ ಹನ್ನೆರಡು ಕೋಲಿನ ಕೂಲಿಯನ್ನು ಯಜಮಾನರು ಅರ್ಧವೇ ಕೊಟ್ಟರು ಎಂಬುದನ್ನು ತಪ್ಪದೆ ಸೇರಿಸುತ್ತಿದ್ದರು.

ಅಕ್ಕ, ‘ಒಂಬತ್ತು ವರ್ಷ ಕಾದೆನಲ್ಲ’ ಎಂಬುದು ಹತ್ತನೆಯ ವರ್ಷ ಕಾಯಲು ಕಾರಣವಾಗಬೇಕಿಲ್ಲ.

ಚಂದ್ರಗಿರಿ ತಡಿ

ಕಥೆ ಚೆನ್ನಾಗಿದೆ. ಆದರೆ ಸುರಂಗದಲ್ಲಿ ನೀರಿಲ್ಲದ್ದು ಗುಡ್ಡದ ಸ್ವಭಾವ. ಇಲ್ಲಿ ನೀರು ಇದೆ, ಯಾರೋ ತಿರುಗಿಸಿಕೊಂಡಿದ್ದಾರೆ. ಎರಡನ್ನೂ ಒಂದೇ ಮಾಡಿದರೆ ಕೇಳುವವರೇ ಇಲ್ಲದಂತಾಗುತ್ತದೆ.

ಸುರಂಗದವರ ಮೊಮ್ಮಗ

ಒಪ್ಪಿದೆ. ತಿರುಗಿಸಿಕೊಂಡವರನ್ನು ಕೇಳೋಣ, ನಾನೂ ಬರುತ್ತೇನೆ. ಅಲ್ಲಿಯವರೆಗೆ ಕುಡಿಯುವ ನೀರಿಗೆ ಏನಾದರೂ ಆಗಬೇಕಲ್ಲ.

ಎರಡು ಮಕ್ಕಳ ತಾಯಿ, ಮುಳ್ಳೇರಿಯ

ಎಲ್ಲರ ಮಾತನ್ನೂ ಓದಿದೆ. ಗಂಡಸರೇ, ಒಂದು ಪ್ರಶ್ನೆಯನ್ನು ನೀವ್ಯಾರೂ ಕೇಳಲಿಲ್ಲ. ತೋಟದ ತೆರಿಗೆ ರಶೀದಿ ಯಾರ ಹೆಸರಿನಲ್ಲಿದೆ?

ನಾನು ಹನ್ನೊಂದು ವರ್ಷ ತವರಿನ ತೋಟಕ್ಕೆ ದುಡಿದೆ. ಗೊಬ್ಬರ ಹೊತ್ತೆ, ಹಟ್ಟಿ ತೊಳೆದೆ, ಅಡಿಕೆ ಸುಲಿದೆ. ಸುಲಿಯುವ ಕತ್ತಿಯ ಗೀರು ಈಗಲೂ ಎಡಗೈ ಹೆಬ್ಬೆರಳಿನಲ್ಲಿದೆ. ಅಣ್ಣಂದಿರು ಊರಿಗೆ ಬಂದ ದಿನ ಪಾಲು ಆಯಿತು. ನನಗೆ ಒಂದು ಬಳೆ ಬಂತು. ‘ನೀನು ಮನೆಮಗಳಲ್ಲವೇ, ನಿನಗೆ ಲೆಕ್ಕ ಯಾಕೆ’ ಎಂದರು. ಹೆಣ್ಣುಮಕ್ಕಳಿಗೆ ಜವಾಬ್ದಾರಿ ಹಂಚುವಾಗ ಯಾರೂ ಲೆಕ್ಕ ಬೇಡ ಎನ್ನುವುದಿಲ್ಲ, ಜಾಗ ಹಂಚುವಾಗ ಮಾತ್ರ ಎನ್ನುತ್ತಾರೆ. ‘ನಿನ್ನ ಜೀವನ, ನಿನ್ನ ಜವಾಬ್ದಾರಿ’ ಎಂದ ಅಣ್ಣನಿಗೆ ಮತ್ತೆ ಫೋನ್ ಮಾಡಿ, ತಂಗಿ. ‘ಹಾಗಾದರೆ ತೋಟ?’ ಎಂದು ಕೇಳಿ. ಅವರು ಏನು ಹೇಳುತ್ತಾರೆ ನೋಡಿ. ಅದಾದ ಮೇಲೆ ಮದ್ದು ಕಲಸಿ.

ಹಾಳೆಮುಟ್ಟಾಳೆ

ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅಕ್ಕ ಹೇಳಿದ್ದು ಸರಿ. ತೋಟ ನನ್ನ ಹೆಸರಿಗೆ ತಾನಾಗಿಯೇ ಬಂದಿತ್ತು.

ಪೆರ್ಲದ ಕಡೆಯವಳು

ಮೂರು ದಿನದಿಂದ ಓದುತ್ತಿದ್ದೇನೆ, ಉತ್ತರ ಬರೆಯಲು ಧೈರ್ಯ ಬಂದಿರಲಿಲ್ಲ.

ಹಾಳೆಮುಟ್ಟಾಳೆಯವರೇ, ಯಾರೂ ಕಟ್ಟಿಹಾಕಿರಲಿಲ್ಲ ಎಂದಿರಿ, ಆ ರಾತ್ರಿ ಊಟ ಸೇರಲಿಲ್ಲ. ಆದರೆ ಸುಳ್ಳಲ್ಲ. ಪರೀಕ್ಷೆಗೆ ಓದುತ್ತಿದ್ದೇನೆ ಎಂದರೆ ಮನೆಯಲ್ಲಿ ಬೇರೆ ಯಾವ ಮಾತೂ ಬರುತ್ತಿರಲಿಲ್ಲ, ಮದುವೆಯದ್ದೂ ಬರುತ್ತಿರಲಿಲ್ಲ. ಪುಸ್ತಕದ ಹಿಂದೆ ನಾನು ಕೊಂಚ ಅಡಗಿದ್ದೆ. ಚಂದ್ರಗಿರಿ ತಡಿಯವರೇ, ನೀವು ಹೇಳಿದ ಅನ್ಯಾಯವೂ ಸುಳ್ಳಲ್ಲ. ಆ ಐದು ಹೆಸರುಗಳ ಸಿಟ್ಟು ನನಗೆ ಇನ್ನೂ ಇದೆ. ವಯಸ್ಸಿನ ಮಿತಿ ಇರುವವರೆಗೆ ಪರೀಕ್ಷೆ ಬರೆಯುತ್ತೇನೆ, ಆದರೆ ಅದಕ್ಕೆಂದು ಜೂನ್ ತಿಂಗಳನ್ನು ಖಾಲಿ ಇಟ್ಟುಕೊಳ್ಳುವುದಿಲ್ಲ.

ಮಾಷ್ಟ್ರೇ, ಮಕ್ಕಳು ಈಗ ಹನ್ನೆರಡು.

ಮುಳ್ಳೇರಿಯದ ಅಕ್ಕ, ಅಣ್ಣನಿಗೆ ಫೋನ್ ಮಾಡಿದೆ. ‘ತೋಟ?’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ‘ಅಪ್ಪ ಇರುವಾಗ ಆ ಮಾತು ಯಾಕೆ’ ಎಂದ. ಅಪ್ಪ ಇರುವಾಗಲೇ ಆ ಮಾತು ಎಂದೆ. ಅಪ್ಪ ಜಗಲಿಯಲ್ಲೇ ಕುಳಿತಿದ್ದರು, ಕೇಳಿಸಿಕೊಂಡರು. ಏನೂ ಹೇಳಲಿಲ್ಲ. ರಾತ್ರಿ ಊಟವಾದ ಮೇಲೆ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಲು ಹೇಳಿದರು. ರಶೀದಿಗಳನ್ನು ಒಂದೊಂದಾಗಿ ಬಿಡಿಸಿ, ಕನ್ನಡಕ ಹಾಕಿಕೊಂಡು ನೋಡಿ, ಮತ್ತೆ ಮಡಚಿ ಇಟ್ಟರು. ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಲು ಹೇಳಲಿಲ್ಲ. ಇನ್ನೂ ಕೆಳಗೇ ಇದೆ.

ಎರಡು ಮಕ್ಕಳ ತಾಯಿ, ಮುಳ್ಳೇರಿಯ

ಕೆಳಗೇ ಇರಲಿ.

ಹಾಳೆಮುಟ್ಟಾಳೆ

ತಂಗಿ, ಮೊದಲ ದಿನವೇ ಕೇಳಬೇಕೆಂದಿದ್ದೆ. ಒಂದಕ್ಕೊಂದು ಹಾಕಿಯೂ ಕತ್ತಿ ಕೆಂಪಾಯಿತು ಎಂದರೆ ಸುಣ್ಣದಲ್ಲೇ ಏನೋ ಐಬಿದೆ. ಅದು ಚಿಪ್ಪಿನದೋ ಕಲ್ಲಿನದೋ? ಬಹಳ ದಿನ ಗಾಳಿಗೆ ತೆರೆದಿಟ್ಟಿದ್ದಿರಾ?

ಪೆರ್ಲದ ಕಡೆಯವಳು

ಚಿಪ್ಪಿನದು. ಹೌದು, ಕಳೆದ ವರ್ಷ ಉಳಿದ ಗೋಣಿ, ಬಾಯಿ ಕಟ್ಟಿರಲಿಲ್ಲ. ಎರಡನೆಯ ಸಲಕ್ಕೆ ಹೊಸತು ತರುತ್ತೇನೆ.